ಕಿಮೊನೊ ಉಟ್ಟವರನ್ನು ತೈಲವರ್ಣದಲ್ಲಿ ಬರೆಯುವುದು

(ಬಾನುಲಿ ಭಾಷಣ)

ಬಟ್ಟೆಗೂ ಮೈಗೂ ಇರುವ ಸಂಬಂಧವನ್ನು ಹೇಳಲು ನಮ್ಮ ಕನ್ನಡಕ್ಕೆ ಒಂದೇ ಕ್ರಿಯಾಪದ ಸಾಲದು. ಸೀರೆಯನ್ನು ಉಡುತ್ತೇವೆ, ರವಿಕೆಯನ್ನು ತೊಡುತ್ತೇವೆ, ಶಾಲನ್ನು ಹೊದೆಯುತ್ತೇವೆ, ರುಮಾಲನ್ನು ಸುತ್ತುತ್ತೇವೆ. ಹೊಲಿದದ್ದನ್ನು ತೊಡುವುದು, ಹೊಲಿಯದೆ ಸುತ್ತಿ ಸಿಕ್ಕಿಸಿಕೊಳ್ಳುವುದನ್ನು ಉಡುವುದು ಎಂದು ನಮ್ಮ ಹಿರಿಯರು ಸ್ಥೂಲವಾಗಿ ಭೇದ ಮಾಡಿಕೊಂಡಿದ್ದರು. ಜಪಾನಿನ ಕಿಮೊನೊ ಈ ಎರಡು ಕ್ರಿಯಾಪದಗಳ ನಡುವೆ ನಿಲ್ಲುವ ಉಡುಗೆ. ಅದು ಹೊಲಿದ ಬಟ್ಟೆ, ನಿಜ. ಆದರೆ ಅದಕ್ಕೆ ಗುಂಡಿಯಿಲ್ಲ, ಕೊಂಡಿಯಿಲ್ಲ. ಸುತ್ತಿ, ಮಡಿಸಿ, ದಾರಗಳಿಂದ ಬಿಗಿದರೆ ಮಾತ್ರ ಅದು ಮೈಮೇಲೆ ನಿಲ್ಲುತ್ತದೆ. ಈ ಉಡುಗೆಯ ಆಕೃತಿಯನ್ನು ತೈಲವರ್ಣದಲ್ಲಿ ಬರೆಯಲು ಹೊರಟ ನಾನು ಕಲಿತ ಕೆಲವು ಸಂಗತಿಗಳನ್ನು, ಅವುಗಳ ನಡುವೆ ನಾನು ಮಾಡಿದ ಒಂದು ದೊಡ್ಡ ತಪ್ಪನ್ನು, ಇಂದು ತಮ್ಮ ಮುಂದಿಡಬೇಕೆಂದಿದ್ದೇನೆ.

ಅದು 1984ರ ಮಾತು. ನಾನಾಗ ಬೆಂಗಳೂರಿನ ಒಂದು ಪ್ರೌಢಶಾಲೆಯಲ್ಲಿ ಚಿತ್ರಕಲೆಯ ಮೇಷ್ಟರಾಗಿದ್ದೆ. ನಮ್ಮ ಬೀದಿಯ ಕೊನೆಯ ಮನೆಗೆ ಜಪಾನಿನ ಇಂಜಿನಿಯರರೊಬ್ಬರು ಎರಡು ವರ್ಷಗಳ ಮಟ್ಟಿಗೆ ಬಾಡಿಗೆಗೆ ಬಂದಿದ್ದರು. ಅವರ ಪತ್ನಿ ವಾರಕ್ಕೆರಡು ದಿನ ನಮ್ಮ ಮನೆಗೆ ಬಂದು ರೇಖಾಚಿತ್ರ ಕಲಿಯುತ್ತಿದ್ದರು. ನನ್ನನ್ನು ‘ಸೆನ್ಸೇ’ ಎಂದು ಕರೆಯುತ್ತಿದ್ದರು. ನಮ್ಮ ‘ಮೇಷ್ಟ್ರೇ’ ಎಂಬ ಮಾತಿಗೆ ಅದು ಸಮಾನ. ಒಂದು ದಿನ ಆಕೆ ಸಂಕೋಚದಿಂದ ಒಂದು ಕೋರಿಕೆಯನ್ನು ಮುಂದಿಟ್ಟರು. ಹಿಂದಿನ ವರ್ಷ ಅವರ ತಾಯಿ ತೀರಿಕೊಂಡಿದ್ದರು. ತೀರಿಕೊಂಡವರ ಉಡುಗೆಗಳನ್ನು ನೆನಪಿಗೆಂದು ಹತ್ತಿರದವರು ಹಂಚಿಕೊಳ್ಳುವ ಪದ್ಧತಿ ಜಪಾನಿನಲ್ಲುಂಟು. ಹಾಗೆ ಇವರ ಪಾಲಿಗೆ ತಾಯಿಯ ಒಂದು ಕಿಮೊನೊ ಬಂದಿತ್ತು. ಅದನ್ನುಟ್ಟು ಕುಳಿತ ತಮ್ಮ ಚಿತ್ರವೊಂದನ್ನು, ಊರಿನಲ್ಲಿ ಒಬ್ಬರೇ ಇದ್ದ ತಂದೆಗೆ ಕಳುಹಿಸಬೇಕೆಂಬುದು ಆಕೆಯ ಆಸೆ.

ನಾನು ಹಿಂದುಮುಂದು ನೋಡದೆ ಒಪ್ಪಿಕೊಂಡೆ. ತೈಲವರ್ಣವೆಂದರೆ ನನ್ನ ಪಾಲಿಗೆ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ರವಿವರ್ಮನ ಚಿತ್ರಗಳು. ಬಾಲ್ಯದಲ್ಲಿ ಅವುಗಳ ಮುಂದೆ ಗಂಟೆಗಟ್ಟಲೆ ನಿಂತವನು ನಾನು. ಹೊರನಾಡಿನ ಮಾಧ್ಯಮದಲ್ಲಿ ನಮ್ಮ ಸೀರೆಯನ್ನು ಆತ ಹೇಗೆ ನುಡಿಸಿದನೆಂಬುದನ್ನು ನೋಡಿಯೇ ನಾನು ಕುಂಚ ಹಿಡಿಯಲು ಕಲಿತದ್ದು. ಸೀರೆ ಮೈಯನ್ನು ಮುಚ್ಚಿಯೂ ಮೈಯ ಸುದ್ದಿಯನ್ನು ಹೇಳುತ್ತಲೇ ಇರುತ್ತದೆ. ಭುಜದ ಮೇಲೆ ಸೆರಗು ಬಿಗಿಯುತ್ತದೆ, ಸೊಂಟದಲ್ಲಿ ತಿರುಗುತ್ತದೆ, ಮೊಣಕಾಲಿನ ಮುಂದೆ ನಿರಿಗೆ ಒಡೆಯುತ್ತದೆ. ಪ್ರತಿಯೊಂದು ಮಡಿಕೆಯೂ ಒಳಗಿನ ಒಂದು ಮೂಳೆಯ ಗುರುತು. ಇದೇ ತಿಳಿವಳಿಕೆಯಿಂದ ನಾನು ಕಿಮೊನೊದ ಕಡೆಗೂ ನೋಡಿದೆ. ಮೊದಲ ಮೂರು ದಿನ ಬರೆದದ್ದೆಲ್ಲ ಸೀರೆಯ ಹಾಗೇ ಕಾಣುತ್ತಿತ್ತು. ಸೊಂಟ ಹುಡುಕಿದೆ, ಸಿಗಲಿಲ್ಲ. ಭುಜದ ತುದಿ ಹುಡುಕಿದೆ, ಅದೂ ಸಿಗಲಿಲ್ಲ. ಆಕೆ ನಕ್ಕು, ಮರುದಿನ ಒಂದು ಹಳೆಯ ಹತ್ತಿಯ ಕಿಮೊನೊ ತಂದು ನೆಲದ ಮೇಲೆ ಹಾಸಿದರು. ನನಗೆ ಪಾಠ ಆರಂಭವಾದದ್ದು ಆಗ.

ಕಿಮೊನೊ ಎಂಬ ಮಾತಿಗೆ ‘ಉಡುವ ವಸ್ತು’ ಎಂದಷ್ಟೇ ಅರ್ಥ. ಅದಕ್ಕೆ ಬೇಕಾದ ಬಟ್ಟೆ ಸುಮಾರು 36ರಿಂದ 38 ಸೆಂಟಿಮೀಟರು ಅಗಲ, 12 ಮೀಟರು ಉದ್ದದ ಒಂದು ಸುರುಳಿ. ಇದನ್ನು ನೇರ ಗೆರೆಗಳಲ್ಲಿ ಮಾತ್ರ ಕತ್ತರಿಸುತ್ತಾರೆ. ಮೈಗೆ ಎರಡು ಪಟ್ಟಿ, ತೋಳುಗಳಿಗೆ ಎರಡು, ಮುಂಭಾಗ ಒಂದರ ಮೇಲೊಂದು ಬರಲೆಂದು ಎರಡು ಕಿರಿದಾದ ಪಟ್ಟಿ, ಕೊರಳಿಗೆ ಒಂದು, ಅದರ ಮೇಲೊಂದು ಹೊದಿಕೆ; ಇಷ್ಟೇ. ನಮ್ಮ ದರ್ಜಿಗಳು ಕಂಕುಳಲ್ಲಿ, ಕುತ್ತಿಗೆಯಲ್ಲಿ ತೆಗೆಯುವ ಬಾಗಿದ ಕತ್ತರಿ ಇಲ್ಲಿಲ್ಲ. ಹಿಂದಿನ ಕಾಲದಲ್ಲಿ ಒಗೆಯಬೇಕಾದಾಗ ಹೊಲಿಗೆಯನ್ನೆಲ್ಲ ಬಿಚ್ಚಿ, ಪಟ್ಟಿಗಳನ್ನು ತೊಳೆದು, ಹರಡಿ ಒಣಗಿಸಿ, ಮತ್ತೆ ಹೊಲಿಯುತ್ತಿದ್ದರು. ಬಿಚ್ಚಿದರೆ ಪಟ್ಟಿಗಳು ಸೇರಿ ಮರಳಿ ಹಿಂದಿನ ಸುರುಳಿಯೇ ಆಗುತ್ತಿದ್ದವು. ತಾಯಿಯದು ಮಗಳಿಗೆ, ಮಗಳದು ಮೊಮ್ಮಗಳಿಗೆ ಸುಲಭವಾಗಿ ಒಗ್ಗುವುದು ಹೀಗೆ.

ಎಂದರೆ ಈ ಉಡುಗೆ ಯಾರ ಮೈಯ ಅಳತೆಗೂ ಕತ್ತರಿಸಿದ್ದಲ್ಲ. ಅಳತೆಗೆ ತರುವುದು ಉಡುವ ಕ್ರಮ. ಒಳಗೆ ಒಂದು ನಿಲುವಂಗಿ. ಅದರ ಬಿಳಿಯ ಕೊರಳಪಟ್ಟಿ ಮೇಲುಡುಗೆಯ ಅಂಚಿನಲ್ಲಿ ಒಂದು ಗೆರೆಯಷ್ಟು ಕಾಣಬೇಕು. ಹೆಂಗಸರ ಕಿಮೊನೊ ಉಡುವವರಿಗಿಂತ ಉದ್ದ. ಹೆಚ್ಚಾದದ್ದನ್ನು ಸೊಂಟದಲ್ಲಿ ಎತ್ತಿ ಮಡಿಸಿ ಕಟ್ಟುತ್ತಾರೆ. ನಡು ಸಣ್ಣಗಿದ್ದರೆ ಅಲ್ಲಿ ಬಟ್ಟೆಯ ತುಂಡುಗಳನ್ನಿಟ್ಟು ಸಮ ಮಾಡುತ್ತಾರೆ. ಅದರ ಮೇಲೆ ಒಬಿ ಎಂಬ ನಡುಕಟ್ಟು. ಉದ್ದ ನಾಲ್ಕು ಮೀಟರಿಗೂ ಮಿಗಿಲು. ಒಬಿಯ ಮೇಲಂಚಿನಲ್ಲಿ ಒಂದು ತೆಳುವಾದ ರೇಷ್ಮೆಯ ತುಂಡು, ನಡುವೆ ಒಂದು ಹೆಣೆದ ದಾರ. ಆಕೆ ಉಟ್ಟು ಮುಗಿಸುವಷ್ಟರಲ್ಲಿ ಒಳಗೆ ಹೊರಗೆ ಸೇರಿ ಎಷ್ಟು ದಾರಗಳನ್ನು ಬಿಗಿದರೆಂದು ಎಣಿಸುತ್ತ ಕುಳಿತ ನನ್ನ ಹೆಂಡತಿಗೆ ಲೆಕ್ಕ ತಪ್ಪಿತು. ಸೀರೆ ಮೈಯ ಬಳುಕನ್ನು ತೋರಿದರೆ ಕಿಮೊನೊ ಅದನ್ನು ಒಂದು ಕಂಬವನ್ನಾಗಿ ಮಾಡುತ್ತದೆ.

ಇಷ್ಟು ತಿಳಿದ ಮೇಲೆ ಚಿತ್ರಕಾರನ ಕೆಲಸ ಬದಲಾಗುತ್ತದೆ. ಆತ ಮೈಯಿಂದ ಹೊರಟು ಬಟ್ಟೆಗೆ ಬರುವಂತಿಲ್ಲ, ಕಟ್ಟಿನಿಂದ ಹೊರಡಬೇಕು. ಮೊದಲು ಗುರುತಿಸಬೇಕಾದದ್ದು ಎರಡು ಕೊರಳಂಚುಗಳು ಎದೆಯ ಮೇಲೆ ಕೂಡುವ ಕೋನ. ಎರಡನೆಯದು ಒಬಿಯ ಅಡ್ಡಪಟ್ಟಿ; ಅದು ಚಿತ್ರದ ತೊಲೆಯಿದ್ದ ಹಾಗೆ. ಮೂರನೆಯದು ತೋಳುಗಳು ನೇತಾಡುವ ಚೌಕಗಳು. ಕಿಮೊನೊದಲ್ಲಿ ಮೈಪಟ್ಟಿಗೂ ತೋಳಿಗೂ ನಡುವಿನ ಹೊಲಿಗೆ ಭುಜದ ತುದಿಯಲ್ಲಿ ಬರುವುದಿಲ್ಲ. ಮೇಲುದೋಳಿನ ಮೇಲೆ ಇಳಿದಿರುತ್ತದೆ. ಇದನ್ನರಿಯದೆ ಬರೆದರೆ ಆಕೃತಿಗೆ ಗಂಡಸಿನ ಕೋಟು ತೊಡಿಸಿದಂತಾಗುತ್ತದೆ. ಮಡಿಕೆಗಳು ಕೆಲವೇ, ಆದರೆ ಉದ್ದವಾಗಿ ಓರೆಯಾಗಿ ಬೀಳುತ್ತವೆ. ಕುಳಿತಾಗ ಮೊಣಕಾಲಿನಿಂದ ಒಬಿಯ ಕೆಳಗಂಚಿನವರೆಗೆ ಎಳೆದು ಕಟ್ಟಿದ ಹಗ್ಗದಂತೆ ಎರಡು ಮೂರು ಗೆರೆಗಳು ಹೋಗುತ್ತವೆ. ಮಿಕ್ಕ ಸಣ್ಣಪುಟ್ಟ ಸುಕ್ಕುಗಳನ್ನು ಕಂಡರೂ ಕಾಣದವರಂತೆ ಬಿಡುವುದು ಲೇಸು.

ಇನ್ನು ಬಣ್ಣ. ತಾಯಿಯ ಆ ಕಿಮೊನೊ ನೇರಳೆ ಬಣ್ಣದ ಕ್ರೇಪ್ ರೇಷ್ಮೆಯದು. ಕೆಳಗಡೆ ಬಿಳಿಯ ಸೇವಂತಿಗೆ ಹೂಗಳು. ರೇಷ್ಮೆಯ ವಿಷಯದಲ್ಲಿ ನಮಗೂ ಜಪಾನಿಗೂ ಹಳೆಯ ನಂಟಿದೆ; ಜಮ್ಶೇಟ್‌ಜಿ ಟಾಟಾ ಅವರು ಜಪಾನಿ ತಜ್ಞರ ನೆರವಿನಿಂದ ಬೆಂಗಳೂರಿನಲ್ಲಿ ತೆರೆದ ರೇಷ್ಮೆ ತೋಟದ ಹೆಸರು ಬಸವನಗುಡಿಯ ಬಳಿ ಇಂದಿಗೂ ಉಳಿದಿದೆ. ಮೈಸೂರು ಕ್ರೇಪ್ ಸೀರೆಯನ್ನು ಮುಟ್ಟಿದವರಿಗೆ ಈ ಬಟ್ಟೆಯ ಗುಣ ಗೊತ್ತು. ಅಡ್ಡನೂಲನ್ನು ಬಲವಾಗಿ ಹುರಿಗೊಳಿಸಿ ನೇಯುವುದರಿಂದ ಮೈಯೆಲ್ಲ ಸಣ್ಣ ಸಣ್ಣ ತರಿ. ಬೆಳಕು ಅದರ ಮೇಲೆ ಬಿದ್ದು ಚದುರುತ್ತದೆ, ಹೊಳೆಯುವುದಿಲ್ಲ. ಸ್ಯಾಟಿನ್ ನೇಯ್ಗೆಯ ರೇಷ್ಮೆಯಾದರೋ ಮಿಂಚಿನ ಗೆರೆ ಹರಿತವಾಗಿರುತ್ತದೆ. ರೇಷ್ಮೆ ಎಂದೊಡನೆ ಬಿಳಿಯ ಬಣ್ಣದಿಂದ ಹೊಳಪು ಕೊಡುವುದು ಕಲಿಯುವವರ ಸಾಮಾನ್ಯ ದೋಷ. ನಾನೂ ಅದನ್ನೇ ಮಾಡಿ ಒರೆಸಿದೆ. ಕ್ರೇಪಿಗೆ ಬೆಳಕಿನ ಭಾಗವೂ ನೆರಳಿನ ಭಾಗವೂ ಮೆಲ್ಲನೆ ಒಂದರೊಳಗೊಂದು ಸೇರಬೇಕು. ತೈಲವರ್ಣ ನಿಧಾನವಾಗಿ ಒಣಗುವುದರಿಂದ ಈ ಕೆಲಸಕ್ಕೆ ಅದರಂಥ ಮಾಧ್ಯಮ ಮತ್ತೊಂದಿಲ್ಲ. ಮೊದಲ ಪದರವನ್ನು ಟರ್ಪೆಂಟೈನಿನಲ್ಲಿ ತೆಳುಮಾಡಿ ಹಚ್ಚಬೇಕು. ಮೇಲುಮೇಲಿನ ಪದರಗಳಿಗೆ ಅಗಸೆ ಎಣ್ಣೆಯನ್ನು ಹೆಚ್ಚಿಸುತ್ತ ಹೋಗಬೇಕು. ಈ ಕ್ರಮ ತಪ್ಪಿದರೆ ಮೇಲಿನ ಪದರ ಮೊದಲು ಒಣಗಿ, ಕೆಳಗಿನದು ಕುಗ್ಗುವಾಗ ಬಿರುಕು ಬಿಡುತ್ತದೆ.

ಹೂಗಳದು ಇನ್ನೊಂದು ತೊಡಕು. ಬಟ್ಟೆಯ ಮೇಲೆ ಆಗಲೇ ಒಬ್ಬ ಕಲಾವಿದ ಚಿತ್ರ ಬರೆದಿದ್ದಾನೆ. ಆತನ ಹೂವಿಗೆ ನೆರಳಿಲ್ಲ, ಆಳವಿಲ್ಲ. ನಾವು ಬರೆಯುವ ಮೈಗೆ ಎರಡೂ ಉಂಟು. ಹೂಗಳನ್ನು ಇದ್ದ ಹಾಗೆ ಬಿಡಿಸಿದರೆ ಮೈ ಚಪ್ಪಟೆಯಾಗುತ್ತದೆ. ಅವಕ್ಕೂ ದುಂಡು ಕೊಟ್ಟರೆ ಬಟ್ಟೆಯ ಮೇಲೆ ನಿಜವಾದ ಹೂ ಅಂಟಿಸಿದಂತೆ ಕಾಣುತ್ತದೆ. ಮೊದಲು ಬಟ್ಟೆಯನ್ನು ಹೂವಿಲ್ಲದೆಯೇ ನೆರಳು ಬೆಳಕಿನಲ್ಲಿ ಮುಗಿಸಿ, ಒಣಗಿದ ಬಳಿಕ ಹೂವನ್ನಿಡಬೇಕು. ಮಡಿಕೆ ಬಂದಲ್ಲಿ ಹೂವೂ ಮುರಿಯಬೇಕು. ನೆರಳಿನಲ್ಲಿರುವ ಬಿಳಿಯ ಹೂ ಬೆಳಕಿನಲ್ಲಿರುವ ನೇರಳೆಗಿಂತ ತುಸುವೇ ತಿಳಿಯಾಗಿರಬಹುದು. ಒಬಿಯ ಜರತಾರಿಗೂ ಚಿನ್ನದ ಬಣ್ಣ ಬೇಡ. ಮಣ್ಣುಹಳದಿ, ಕಂದು, ಅಲ್ಲಲ್ಲಿ ಒಂದೊಂದು ತಿಳಿಹಳದಿಯ ದಪ್ಪ ಚುಕ್ಕೆ ಸಾಕು. ಚಿನ್ನವನ್ನು ನೋಡುವವರ ಕಣ್ಣೇ ಮಾಡಿಕೊಳ್ಳುತ್ತದೆ. ಹಿಂಗತ್ತಿನ ಬಳಿ ಕೊರಳಪಟ್ಟಿಯನ್ನು ಒಂದು ಮುಷ್ಟಿಯಷ್ಟು ಹಿಂದಕ್ಕೆ ಸರಿಸಿರುತ್ತಾರೆ. ಇಷ್ಟೆಲ್ಲ ಕಟ್ಟಿನ ನಡುವೆ ಮೈ ತೆರೆದಿರುವ ತಾವು ಅದು. ಆಕೆಯನ್ನು ಮುಕ್ಕಾಲು ಪಾಲು ಎದುರಿಗೆ, ತಲೆ ತುಸು ಬಾಗಿಸಿ ಕೂರಿಸಿದೆ. ಆ ಗೆರೆ ಬಂದೊಡನೆ ಚಿತ್ರಕ್ಕೆ ಉಸಿರು ಬಂತು.

ಆರು ವಾರಗಳಲ್ಲಿ ಮುಖ, ಕೈ, ಒಬಿ ಮುಗಿದವು. ಕೊರಳಿನ ಬಳಿ ಇನ್ನೂ ಮೊದಲ ಪದರದ ಅಸ್ಪಷ್ಟ ಬಣ್ಣವಿತ್ತು, ಹೂಗಳೂ ಉಳಿದಿದ್ದವು. ಅಷ್ಟರಲ್ಲಿ ಆಕೆ ಗಂಡನೊಡನೆ ಮೂರು ವಾರ ಪರಸ್ಥಳಕ್ಕೆ ಹೋಗಬೇಕಾಯಿತು. ಕೆಲಸ ನಿಲ್ಲದಿರಲೆಂದು ಕಿಮೊನೊವನ್ನು ನಮ್ಮಲ್ಲಿಯೇ ಬಿಟ್ಟುಹೋದರು. ಕುರ್ಚಿಯ ಮೇಲೆ ಹರಡಿದರೆ ಮಡಿಕೆಗಳು ಸರಿಬೀಳಲಿಲ್ಲ. ಹೈಸ್ಕೂಲಿನಲ್ಲಿ ಓದುತ್ತಿದ್ದ ನನ್ನ ಮಗಳನ್ನು ಕರೆದು ಉಡಲು ಹೇಳಿದೆ. “ಹೀಗೇನಪ್ಪಾ?” ಎಂದು ಕೇಳಿ ತನ್ನ ಶಾಲೆಯ ಕೋಟನ್ನು ಮುಚ್ಚಿಕೊಳ್ಳುವ ಹಾಗೆಯೇ ಅವಳು ಬಲಗಡೆಯ ಅಂಚನ್ನು ಎಡದ ಮೇಲೆ ತಂದುಕೊಂಡಳು. ನಾನು ಹೂಂ ಎಂದೆ. ಕಣ್ಣಿಗೆ ಕಂಡದ್ದನ್ನೇ ಬರೆ, ತಿಳಿದದ್ದನ್ನಲ್ಲ ಎಂದು ನನ್ನ ಗುರುಗಳು ಹೇಳಿಕೊಟ್ಟಿದ್ದರು. ಕಂಡಂತೆ ಕೊರಳಂಚುಗಳನ್ನು ಸ್ಪಷ್ಟವಾಗಿ ಬರೆದೆ, ಹೂಗಳನ್ನೂ ಮುಗಿಸಿದೆ. ಇಷ್ಟು ಚೆನ್ನಾಗಿ ನಾನು ಹಿಂದೆಂದೂ ಬರೆದಿರಲಿಲ್ಲವೆಂದು ನನ್ನಷ್ಟಕ್ಕೆ ನಾನೇ ಹಿಗ್ಗಿದೆ.

ಆಕೆ ಹಿಂತಿರುಗಿ ಬಂದು ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಸೊಂಟ ಬಾಗಿಸಿ ವಂದಿಸಿದರು, ಕಾಫಿ ಕುಡಿದರು, ಏನೂ ಹೇಳದೆ ಹೊರಟುಹೋದರು. ಮರುದಿನ ಬೆಳಿಗ್ಗೆಯೇ ಬಂದು, ಅರೆಬರೆ ಇಂಗ್ಲಿಷಿನಲ್ಲಿ, ತಲೆ ತಗ್ಗಿಸಿಕೊಂಡು ಹೇಳಿದ ಮಾತಿನ ಕನ್ನಡ ಇಷ್ಟು: “ಸೆನ್ಸೇ, ದಯವಿಟ್ಟು ಕ್ಷಮಿಸಿ. ಅಮ್ಮನನ್ನು ಕೊನೆಯ ಸಲ ನೋಡಿದಾಗ ಅವಳಿಗೆ ಹೀಗೆ ಉಡಿಸಿದ್ದರು.”

ಕಿಮೊನೊದ ಬಲಗಡೆಯ ಅಂಚು ಮೈಗೆ ತಾಗಿರಬೇಕು, ಎಡಗಡೆಯದು ಅದರ ಮೇಲೆ ಬರಬೇಕು. ಗಂಡಸು ಹೆಂಗಸು ಎಂಬ ಭೇದ ಇದಕ್ಕಿಲ್ಲ. ಕ್ರಿ.ಶ. 719ರಲ್ಲಿಯೇ ಪ್ರಜೆಗಳೆಲ್ಲ ಹೀಗೆ ಉಡಬೇಕೆಂದು ಅಲ್ಲಿ ರಾಜಾಜ್ಞೆಯಾಗಿತ್ತು. ಬಲ ಮೇಲೆ, ಎಡ ಕೆಳಗೆ ಬರುವಂತೆ ಉಡಿಸುವುದು ಶವಕ್ಕೆ ಮಾತ್ರ. ಇದನ್ನು ಕೇಳಿ ನಾನು ಕುಸಿದೆ. ನಮ್ಮಲ್ಲಿಯೂ ಜನಿವಾರವನ್ನು ಪಿತೃಕಾರ್ಯದಲ್ಲಿ ಬಲಭುಜಕ್ಕೆ ಬದಲಿಸುವುದುಂಟಲ್ಲ. ಅಪಸವ್ಯವೆಂದರೇನೆಂದು ಬಲ್ಲವರಿಗೆ ಎಡಬಲಗಳ ಈ ಭೇದವನ್ನು ವಿವರಿಸಬೇಕಾಗಿಲ್ಲ. ಬದುಕಿರುವ ಮಗಳಿಗೆ, ಸತ್ತ ತಾಯಿಯ ಬಟ್ಟೆಯನ್ನು, ಸತ್ತವರಿಗೆ ಉಡಿಸುವಂತೆ ಉಡಿಸಿ, ಅದನ್ನು ಆ ತಂದೆಗೆ ಕಳುಹಿಸಲು ನಾನು ಸಿದ್ಧನಾಗಿದ್ದೆ.

ಈ ಘಟನೆಯ ಬಳಿಕ ನಾನು ಹಳೆಯ ಚಿತ್ರಗಳನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಜಪಾನ್ ತನ್ನ ಬಾಗಿಲು ತೆರೆದ ಮೇಲೆ ಯುರೋಪಿನ ಚಿತ್ರಕಾರರಿಗೆ ಕಿಮೊನೊದ ಹುಚ್ಚು ಹಿಡಿದಿತ್ತು. ಕ್ಲಾದ್ ಮೊನೆ 1876ರಲ್ಲಿ ತನ್ನ ಹೆಂಡತಿ ಕಮೀಲಳಿಗೆ ಕೆಂಪು ಜಪಾನಿ ನಿಲುವಂಗಿ ಹೊದಿಸಿ ಏಳೂವರೆ ಅಡಿ ಎತ್ತರದ ಚಿತ್ರ ಬರೆದ. ಅದೀಗ ಬಾಸ್ಟನ್ನಿನ ಮ್ಯೂಸಿಯಮ್ಮಿನಲ್ಲಿದೆ. ಕಪ್ಪುಗೂದಲಿನ ಆಕೆಗೆ ಹೊಂಬಣ್ಣದ ಕೃತಕ ಕೇಶ. ನಿಲುವಂಗಿಯ ಮೇಲೆ ಕಸೂತಿಯ ಯೋಧನೊಬ್ಬ ಕತ್ತಿ ಹಿರಿಯುತ್ತಿದ್ದಾನೆ; ಆ ಬಟ್ಟೆಯ ಯೋಧನಲ್ಲಿರುವಷ್ಟು ಜೀವ ಆ ಹೆಂಗಸಿನ ನಗೆಯಲ್ಲಿಲ್ಲ. ಬಣ್ಣದ ಹಬ್ಬವೇನೋ ಹೌದು, ಆದರೆ ಉಡುಗೆ ಅಲ್ಲಿ ವೇಷ. 2015ರಲ್ಲಿ ಅದೇ ಮ್ಯೂಸಿಯಮ್ಮು ಅಂಥದೇ ನಿಲುವಂಗಿಯನ್ನು ಸಂದರ್ಶಕರಿಗೆ ತೊಡಲು ಕೊಟ್ಟಾಗ, ಪರರ ಉಡುಗೆ ಆಟದ ವಸ್ತುವೇ ಎಂದು ಕೆಲವರು ಪ್ರತಿಭಟಿಸಿ ನಿಂತರು. ತೊಟ್ಟರೆ ತಪ್ಪೇನೆಂದವರೂ ಇದ್ದರು. 1887ರಲ್ಲಿ ವ್ಯಾನ್ ಗೋ ಬರೆದ ಜಪಾನಿ ಗಣಿಕೆಯ ಕಥೆ ಇನ್ನೂ ಸ್ವಾರಸ್ಯದ್ದು. ಕೇಸಾಯ್ ಏಸೆನ್ ಎಂಬಾತನ ಮರದಚ್ಚಿನ ಚಿತ್ರವನ್ನು 1886ರಲ್ಲಿ ಪ್ಯಾರಿಸ್ಸಿನ ಪತ್ರಿಕೆಯೊಂದು ಮುಖಪುಟದಲ್ಲಿ ಅಚ್ಚು ಮಾಡಿತ್ತು. ಅಚ್ಚಿನಲ್ಲಿ ಎಡಬಲಗಳು ಅದಲುಬದಲಾಗಿದ್ದವು. ವ್ಯಾನ್ ಗೋ ಅದರ ಮೇಲೆ ಚೌಕಗಳನ್ನೆಳೆದು ಹಿಗ್ಗಿಸಿ, ತಿರುಗಿದ್ದನ್ನು ತಿರುಗಿದಂತೆಯೇ ಬರೆದ. ಇದನ್ನು ತಿಳಿದಾಗ ನನಗೆ ಸಮಾಧಾನವೇನೂ ಆಗಲಿಲ್ಲ. ಆತ ಬರೆದದ್ದು ಒಂದು ಚಿತ್ರದ ಚಿತ್ರವನ್ನು. ನನ್ನ ಮುಂದೆ ಆರು ವಾರ ಒಬ್ಬ ಮನುಷ್ಯರು ಕುಳಿತಿದ್ದರು.

ಜಪಾನೀಯರೇ ತೈಲವರ್ಣಕ್ಕೆ ಕೈಹಾಕಿದಾಗ ಅವರಿಗೂ ಇದು ಸುಲಭವಾಗಲಿಲ್ಲ. ಯೊಕೊಹಾಮಾದಲ್ಲಿದ್ದ ಇಂಗ್ಲಿಷ್ ಚಿತ್ರಕಾರ ಚಾರ್ಲ್ಸ್ ವರ್ಗ್‌ಮನ್ನನಲ್ಲಿ ಕಲಿತ ತಕಾಹಶಿ ಯುಇಚಿ, 1872ರಲ್ಲಿ ಯೋಶಿವಾರದ ಕೊಇನೆ ಎಂಬ ಪ್ರಸಿದ್ಧ ಗಣಿಕೆಯನ್ನು ಬರೆದ. ತಲೆಯಲ್ಲಿ ಆಮೆಚಿಪ್ಪಿನ ಉದ್ದುದ್ದ ಮುಡಿಗಡ್ಡಿಗಳು, ಮೈಮೇಲೆ ಭಾರವಾದ ಉಡುಗೆಗಳು. ಆ ಕೇಶಾಲಂಕಾರ ಮರೆಯಾಗುತ್ತಿದ್ದ ಕಾಲ ಅದು. ಮರದಚ್ಚಿನ ಚಿತ್ರಗಳಲ್ಲಿ ಗಣಿಕೆಯರ ಮುಖ ಒಂದೇ ಬಳುಕಿನ ಗೆರೆ. ತಕಾಹಶಿ ಮಾತ್ರ ದಣಿದ ಕೆನ್ನೆ, ಒರಟು ಚರ್ಮ, ಎಲ್ಲವನ್ನೂ ಕಂಡಂತೆ ಬರೆದ. ಇದು ನನ್ನ ಮುಖವಲ್ಲವೆಂದು ಕೊಇನೆ ಅತ್ತಳೆಂಬ ಮಾತು ನಡೆದುಬಂದಿದೆ. ಒಂದು ಶತಮಾನದ ಬಳಿಕ, 1972ರಲ್ಲಿ, ಆ ಚಿತ್ರವನ್ನು ಜಪಾನ್ ಸರ್ಕಾರ ಮುಖ್ಯ ಸಾಂಸ್ಕೃತಿಕ ಆಸ್ತಿಯೆಂದು ಘೋಷಿಸಿತು. ಚಿತ್ರಕಾರ ಗೆದ್ದನೆಂದು ನಾವು ಹೇಳಬಹುದು. ನನಗಾದರೋ ಆ ಕಣ್ಣೀರು ಮರೆಯುವುದಿಲ್ಲ.

ಈ ಮಾಧ್ಯಮವೂ ಆ ಉಡುಗೆಯೂ ಒಂದಕ್ಕೊಂದು ಒಗ್ಗಿದ್ದನ್ನು ಕಾಣಬೇಕಾದರೆ ಕುರೊದಾ ಸೇಕಿಯ ‘ಕೊಹಾನ್’ ಚಿತ್ರವನ್ನು ನೋಡಬೇಕು. ‘ಸರೋವರದ ತೀರದಲ್ಲಿ’ ಎಂದು ಅದರ ಅರ್ಥ. ಕುರೊದಾ 1884ರಲ್ಲಿ ಕಾನೂನು ಓದಲು ಫ್ರಾನ್ಸಿಗೆ ಹೋಗಿ ಚಿತ್ರಕಾರನಾಗಿ 1893ರಲ್ಲಿ ಮರಳಿದವನು. 1897ರ ಬೇಸಿಗೆಯಲ್ಲಿ ಹಕೊನೆಯ ಆಶಿ ಸರೋವರದ ದಡದಲ್ಲಿ ಆತ ಕೆಲಸ ಮಾಡುತ್ತಿದ್ದಾಗ, ಮುಂದೆ ಆತನ ಹೆಂಡತಿಯಾದ ಯುವತಿ ನೋಡಲೆಂದು ಬಂದು ಒಂದು ಕಲ್ಲಿನ ಮೇಲೆ ಕುಳಿತಳಂತೆ. ಹಾಗೆ ಕುಳಿತದ್ದನ್ನೇ ಆತ ಬರೆದ. ರೇಷ್ಮೆಯಿಲ್ಲ, ಜರತಾರಿಯಿಲ್ಲ, ಬೇಸಿಗೆಯ ಹಗುರವಾದ ಹತ್ತಿಯ ಉಡುಗೆ, ಕೈಯಲ್ಲೊಂದು ಬೀಸಣಿಗೆ, ಹಿಂದೆ ನೀರು, ಬೆಟ್ಟ. ಉಡುಗೆಯ ಬೂದುನೀಲಿ ನೀರಿನದೂ ಹೌದು, ಬೆಟ್ಟದ ನೆರಳಿನದೂ ಹೌದು. 1900ರ ಪ್ಯಾರಿಸ್ ಪ್ರದರ್ಶನಕ್ಕೂ ಅದು ಹೋಯಿತು. ಉಡುಗೆ ಅಲ್ಲಿ ನೋಡುವವರನ್ನು ಕೂಗಿ ಕರೆಯುವುದಿಲ್ಲ. ಆಕೆ ಅದನ್ನು ಮರೆತು ಕುಳಿತಿದ್ದಾಳೆ. ಉಟ್ಟವರು ಮರೆತಿರುವ ಉಡುಗೆಯನ್ನು ಬರೆಯುವುದು, ಮೆರೆಸಿದ ಉಡುಗೆಯನ್ನು ಬರೆಯುವುದಕ್ಕಿಂತ ಎಷ್ಟೋ ಕಷ್ಟ. ಅದಕ್ಕೆ ಚಿತ್ರಕಾರನು ಆ ಉಡುಗೆಯ ರೀತಿಯನ್ನು ಉಟ್ಟವರಷ್ಟೇ ಸಹಜವಾಗಿ ತಿಳಿದಿರಬೇಕು.

ನನ್ನ ಚಿತ್ರದ ಗತಿಯನ್ನು ಹೇಳಿ ಮುಗಿಸುತ್ತೇನೆ. ತಪ್ಪಾದ ಕೊರಳಂಚಿನ ಮೇಲೆ ಹೊಸ ಬಣ್ಣ ಬಳಿದು ತಿದ್ದುವುದು ಒಂದು ಮಧ್ಯಾಹ್ನದ ಕೆಲಸ, ಯಾರಿಗೂ ಕಾಣುತ್ತಿರಲಿಲ್ಲ. ಆದರೆ ತೈಲವರ್ಣಕ್ಕೆ ಒಂದು ಸ್ವಭಾವವಿದೆ. ವರ್ಷಗಳು ಕಳೆದಂತೆ ಅದು ಮೆಲ್ಲಮೆಲ್ಲನೆ ಪಾರದರ್ಶಕವಾಗುತ್ತದೆ. ಚಿತ್ರಕಾರ ಮುಚ್ಚಿದ ಹಳೆಯ ಗೆರೆ ಕೆಳಗಿನಿಂದ ನೆರಳಿನಂತೆ ಮೇಲೆದ್ದು ಬರುತ್ತದೆ. ಹಳೆಯ ಯುರೋಪಿನ ಚಿತ್ರಗಳಲ್ಲಿ ಒಬ್ಬನಿಗೆ ಮೂರನೆಯ ಕೈಯ ಛಾಯೆ ಕಾಣುವುದು ಹೀಗೆ. ಆ ವೃದ್ಧರ ಮನೆಯ ಗೋಡೆಯ ಮೇಲೆ ಎಂದಾದರೊಂದು ದಿನ ಆ ಅಂಚು ಮತ್ತೆ ಕಾಣಿಸಿಕೊಳ್ಳಬಾರದಿತ್ತು. ಆದ್ದರಿಂದ ಎರಡು ರಾತ್ರಿ ಕುಳಿತು, ಕೊರಳಿನಿಂದ ಒಬಿಯವರೆಗೆ ಚಾಕುವಿನಿಂದ ಕ್ಯಾನ್ವಾಸಿನ ಬಿಳಿಯ ತಳ ಕಾಣುವವರೆಗೆ ಕೆರೆದೆ. ಕೆರೆಯುವಾಗ ಹಿಂಗತ್ತಿನ ಆ ಗೆರೆಯ ಒಂದಂಶವೂ ಹೋಯಿತು. ಮತ್ತೆ ಬರೆದದ್ದು ಮೊದಲಿನಷ್ಟು ಚೆನ್ನಾಗಿ ಬರಲಿಲ್ಲ. ಈ ಸಲ ಆಕೆಯೇ ಉಟ್ಟು ಕುಳಿತರು. ನಾನು ಮೊದಲ ಬಣ್ಣ ಹಚ್ಚುವ ಮುನ್ನ, ಎಡದ ಅಂಚು ಮೇಲೆ ತಾನೇ ಎಂದು ಕೇಳಿದೆ. ಬಾಗಿಲಲ್ಲಿ ನಿಂತಿದ್ದ ನನ್ನ ಮಗಳು, ಆಕೆಗಿಂತ ಮೊದಲೇ, “ಹೌದಪ್ಪಾ” ಎಂದಳು.

ಚಿತ್ರ ಹಡಗಿನಲ್ಲಿ ಹೋಯಿತು. ಅದಾದ ಮೇಲೆ ನನ್ನ ವಿದ್ಯಾರ್ಥಿಗಳಿಗೆ ಕಂಡದ್ದನ್ನು ಬರೆಯಿರಿ ಎಂದು ಹೇಳುವುದನ್ನು ನಾನು ಬಿಡಲಿಲ್ಲ. ಬರೆಯುವ ಮುನ್ನ ಎದುರಿಗೆ ಕುಳಿತವರನ್ನು ಒಂದು ಮಾತು ಕೇಳಿ ಎಂಬುದನ್ನು ಮಾತ್ರ ಅದರ ಜೊತೆಗೆ ಸೇರಿಸಿಕೊಂಡೆ.